ಮೂರೋ ನಾಲ್ಕೋ: ಕಬಿನಿಯಿಂದ ಮಾದಪ್ಪನ ಬೆಟ್ಟದವರೆಗೆ

ಅಮ್ಮನಿಗೆ ಮಾದಪ್ಪನ ಬೆಟ್ಟದ ಹರಕೆ ಬಾಕಿ ಇತ್ತು. ಮರಿಗಳ ಜೊತೆಗಿರುವ ಹುಲಿಯನ್ನು ಒಮ್ಮೆ ಕಾಡಲ್ಲಿ ನೋಡಬೇಕು ಅನ್ನುವ ನನ್ನ ಆಸೆ ಬಾಕಿ ಇತ್ತು. ತಮ್ಮನಿಗೆ ಎರಡೂ ಬೇಕಿರಲಿಲ್ಲ. ಹೊಸದಾಗಿ ತಗೊಂಡ ಹಳೇ ಕಾರನ್ನು ದೂರ ಓಡಿಸಿ ನೋಡಬೇಕಿತ್ತು. ಮೂರನ್ನೂ ಒಂದು ಗಂಟು ಕಟ್ಟಿ, 2025ರ ದಸರಾ ಜನಜಂಗುಳಿ ಕರಗಿದ ಮೇಲೆ ನಾಲ್ಕು ದಿನಕ್ಕೆ ಹೊರಟೆವು. ಕಬಿನಿ ಮೊದಲು, ಬೆಟ್ಟ ಆಮೇಲೆ. ಅಮ್ಮ ಒಂದೇ ಷರತ್ತು ಹಾಕಿದಳು. ಮಾದಪ್ಪನ ದರ್ಶನ ಆಗುವವರೆಗೂ ಯಾರೂ ಮೀನು, ಮಾಂಸ ಮುಟ್ಟುವ ಹಾಗಿಲ್ಲ. ಕಬಿನಿ ದಡದಲ್ಲಿ ಎರಡು ರಾತ್ರಿ ಇದ್ದು ಮೀನು ತಿನ್ನದೆ ಬರುವ ಸಂಕಟ ಎಂಥದ್ದು ಅಂತ ನನ್ನ ತಮ್ಮನನ್ನು ಕೇಳಬೇಕು.

ಮೊದಲ ದಿನ: ಕಬ್ಬಿನ ಗದ್ದೆ ದಾರಿ

ಎಕ್ಸ್‌ಪ್ರೆಸ್‌ವೇ ಬಿಟ್ಟು ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದೆವು. ಅಮ್ಮನ ತವರು ಮಳವಳ್ಳಿ ಕಡೆ. ಆ ರಸ್ತೆಯ ಒಂದೊಂದು ಹುಣಸೆಮರದ ಕಥೆಯೂ ಅವಳಿಗೆ ಗೊತ್ತು. ರಸ್ತೆ ಅಗಲ ಮಾಡಿದ ಮೇಲೆ ಅರ್ಧಕ್ಕರ್ಧ ಮರಗಳಿಲ್ಲ. ಕಥೆಗಳು ಮಾತ್ರ ಒಂದೂ ಕಮ್ಮಿಯಾಗಿಲ್ಲ.

ಮಳವಳ್ಳಿ ದಾಟಿ ಟಿ. ನರಸೀಪುರದ ಕಡೆ ತಿರುಗಿದರೆ ಎರಡೂ ಬದಿ ಕಬ್ಬು. ಆಳೆತ್ತರಕ್ಕಿಂತ ಜಾಸ್ತಿ ಬೆಳೆದು, ಒಳಗೆ ಏನಿದೆ ಅಂತ ಒಂದು ಮಾರು ದೂರಕ್ಕೂ ಕಾಣುವುದಿಲ್ಲ. ದೂರದಲ್ಲಿ ಆಲೆಮನೆಯ ಹೊಗೆ ಕಂಡಿದ್ದೇ ತಮ್ಮ ಬ್ರೇಕ್ ಹಾಕಿದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಬ್ಬ ಹುಡುಗ ಒಲೆ ಬಾಯಿಗೆ ಒಣಗಿದ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ತುರುಕುತ್ತಿದ್ದ. ಬಾಳೆಲೆ ಚೂರಿನ ಮೇಲೆ ಒಂದು ಮುದ್ದೆ ಬಿಸಿ ಬೆಲ್ಲ ಹಾಕಿ ಕೊಟ್ಟರು. ಆರಲಿ ತಡಿಯೇ ಅಂತ ಅಮ್ಮ ಹೇಳಿ ಮುಗಿಸುವುದರೊಳಗೆ ಬಾಯಿಗಿಟ್ಟೆ. ನಾಲಿಗೆ ಸುಟ್ಟು, ಅವತ್ತು ಸಂಜೆವರೆಗೂ ಯಾವುದಕ್ಕೂ ರುಚಿಯಿಲ್ಲ.

ನಾವು ಕಬಿನಿಗೆ ಹುಲಿ ನೋಡಲು ಹೋಗುತ್ತಿದ್ದೇವೆ ಅಂದಿದ್ದಕ್ಕೆ ಆಲೆಮನೆ ಯಜಮಾನರಿಗೆ ನಗು ಬಂತು.

"ಅಷ್ಟು ದೂರ ಯಾಕಕ್ಕ? ನಮ್ಮ ಗದ್ದೇಲೇ ಚಿರತೆ ಹೆರಿಗೆ ಮಾಡ್ಕೊಂಡಿತ್ತು."

ತಮಾಷೆ ಅಂದುಕೊಂಡೆ. ಅವರು ಕೂತು ಪೂರ್ತಿ ಹೇಳಿದರು. ಎರಡು ವರ್ಷದ ಹಿಂದೆ ಕಬ್ಬು ಕಡಿಯುವ ಗ್ಯಾಂಗು ಗದ್ದೆಯ ನಡುವೆ ಹೋದಾಗ ತರಗಿನ ಮೇಲೆ ಮೂರು ಮರಿ ಮಲಗಿದ್ದವಂತೆ. ಬೆಕ್ಕಿನ ಮರಿ ಅಂತ ಒಬ್ಬಳು ಮಡಿಲಿಗೆ ಹಾಕಿಕೊಂಡೂ ಬಿಟ್ಟಳಂತೆ. ಮೈಮೇಲೆ ಚುಕ್ಕಿ ನೋಡಿದ ಮೇಲೆ ಕೂಗಾಟ. ಅರ್ಧ ಗಂಟೆಯಲ್ಲಿ ಊರಿಗೆ ಊರೇ ಸೇರಿ, ಎಲ್ಲರ ಕೈಯಲ್ಲೂ ಮರಿ, ಎಲ್ಲರ ಫೋನಲ್ಲೂ ಫೋಟೋ. ಇಲಾಖೆಯವರು ಬಂದು ಮೊದಲು ಜನರನ್ನು ಓಡಿಸಿದರು. ಮರಿಗಳನ್ನು ಊರಾಚೆ ತಗೊಂಡು ಹೋಗಲಿಲ್ಲ. ಸಿಕ್ಕಿದ ಜಾಗದಲ್ಲೇ ಒಂದು ಮಂಕರಿಯಲ್ಲಿಟ್ಟು, ಎದುರಿಗೆ ಕ್ಯಾಮೆರಾ ಕಟ್ಟಿ, ಎಲ್ಲರನ್ನೂ ಮನೆಗೆ ಕಳಿಸಿದರು.

"ರಾತ್ರಿ ಬಂತಕ್ಕ ತಾಯಿ. ಮಂಕರಿ ಸುತ್ತ ಎರಡು ಸುತ್ತು ಹಾಕ್ತು. ಒಂದನ್ನ ಕತ್ತಿನ ಹತ್ರ ಕಚ್ಕೊಂಡು ಹೋಯ್ತು. ಇನ್ನೊಂದು ಗಂಟೆ ಬಿಟ್ಟು ಎರಡನೇದು. ಮೂರನೇದಕ್ಕೆ ಬರ್ಲಿಲ್ಲ. ನಮಗೆಲ್ಲ ಎದೆ ಢವಢವ. ಮಾರನೇ ದಿನ ರಾತ್ರಿ ಬಂದು ತಗೊಂಡೋಯ್ತು."

ಮನುಷ್ಯರ ಕೈ ವಾಸನೆ ಹತ್ತಿದರೆ ತಾಯಿ ಮರಿ ಮುಟ್ಟುವುದಿಲ್ಲ ಅಂತ ನಾನೂ ಕೇಳಿದ್ದೆ. ಅದು ಸುಳ್ಳು. ಮಹಾರಾಷ್ಟ್ರದ ಜುನ್ನರ್ ಕಡೆಯ ಕಬ್ಬಿನ ಸೀಮೆಯಲ್ಲಿ ಎಷ್ಟೋ ವರ್ಷಗಳಿಂದ ಹೀಗೇ ಚಿರತೆ ಮರಿಗಳನ್ನು ತಾಯಿಗೆ ಸೇರಿಸುತ್ತಿದ್ದಾರೆ. ಯೋಚಿಸಿದರೆ ಕಬ್ಬಿನ ಗದ್ದೆಗಿಂತ ಒಳ್ಳೆಯ ಬಾಣಂತಿ ಕೋಣೆ ಚಿರತೆಗೆ ಇನ್ನೆಲ್ಲಿ ಸಿಗಬೇಕು? ಹತ್ತು ಹನ್ನೆರಡು ತಿಂಗಳು ಯಾರೂ ಒಳಗೆ ಹೋಗುವುದಿಲ್ಲ. ನೆರಳು, ನೀರು, ಪಕ್ಕದಲ್ಲೇ ನಾಯಿ, ಹಂದಿ, ಆಡು. ಕಟಾವಿನ ದಿನ ಒಂದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಂತ ಆ ಊರಿನವರಿಗೆ ಚಿರತೆ ಅಂದರೆ ಮುದ್ದು ಅಂತಲ್ಲ. 2022ರ ಕೊನೆಯಿಂದ 2023ರ ಜನವರಿವರೆಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗೆ ನಾಲ್ಕು ಜನ ಬಲಿಯಾಗಿದ್ದರು. ಆ ಚಳಿಗಾಲದಲ್ಲಿ ಕತ್ತಲಾದ ಮೇಲೆ ಮಕ್ಕಳು ಬಚ್ಚಲಿಗೆ ಹೋಗಬೇಕಾದರೂ ಇಬ್ಬರು ದೊಡ್ಡವರು ಜೊತೆಗೆ ಹೋಗುತ್ತಿದ್ದರಂತೆ. "ಮರಿ ಮೇಲೆ ಏನ್ ಕೋಪ ಅಕ್ಕ, ಅವು ಕಣ್ಣು ಬಿಟ್ಟು ಇನ್ನೂ ಎಂಟು ದಿನ ಆಗಿರ್ಲಿಲ್ಲ" ಅಂದರು ಯಜಮಾನರು. ಅಮ್ಮ ಎರಡು ಕೆ.ಜಿ. ಅಚ್ಚು ಬೆಲ್ಲ ಕಟ್ಟಿಸಿಕೊಂಡಳು.

ನರಸೀಪುರದಲ್ಲಿ ಕಪಿಲೆ, ಅಂದರೆ ಕಬಿನಿ ನದಿ, ಬಂದು ಕಾವೇರಿ ಸೇರುತ್ತಾಳೆ. ಅಲ್ಲಿಂದ ಮುಂದೆ ನಾವು ಕಪಿಲೆಯ ಉಗಮದ ಕಡೆ ಹೊರಟ ಹಾಗೆ. ನಂಜನಗೂಡು, ಹುಲ್ಲಹಳ್ಳಿ, ಸರಗೂರು. ಹುಲ್ಲಹಳ್ಳಿ ದಾಟಿದ ಮೇಲೆ ಮಳೆ ಶುರುವಾಯಿತು, ನಿಲ್ಲಲಿಲ್ಲ. ಕತ್ತಲಾಗುವ ಮುಂಚೆ ಹೋಂಸ್ಟೇ ಸೇರಿದೆವು. ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು. ಪಕ್ಕದ ಟೇಬಲ್ಲಿಗೆ ಕಬಿನಿ ಮೀನಿನ ಫ್ರೈ ಬಂತು. ತಮ್ಮ ಕುರ್ಚಿ ತಿರುಗಿಸಿಕೊಂಡು ಗೋಡೆ ನೋಡುತ್ತಾ ಉಂಡ.

ಎರಡನೇ ದಿನ: ದಮ್ಮನಕಟ್ಟೆ

ಬೆಳಗಿನ ಐದಕ್ಕೆ ಎದ್ದೆವು. ಸಫಾರಿ ಬಸ್ಸು ದಮ್ಮನಕಟ್ಟೆಯಿಂದ ಹೊರಡುತ್ತದೆ. ಮೊದಲೇ ಬುಕ್ ಮಾಡಿದ್ದರೂ ಅರ್ಧ ಗಂಟೆ ಮುಂಚೆ ಹೋದದ್ದು ಒಳ್ಳೆಯದಾಯಿತು. ಅಮ್ಮನಿಗೆ ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಹಿಂದಿನ ಚಕ್ರದ ಮೇಲಿನ ಸೀಟಲ್ಲಿ ಕೂತ ನನಗೆ ಸೊಂಟ ಎಲ್ಲಿದೆ ಅಂತ ಮೂರು ಗಂಟೆ ಕಾಲ ಚೆನ್ನಾಗಿ ಗೊತ್ತಾಯಿತು. ಒಳಗೆ ಎಲ್ಲೂ ಇಳಿಯುವ ಹಾಗಿಲ್ಲ, ಆದ್ದರಿಂದ ಬೆಳಗಿನ ಕಾಫಿ ಅರ್ಧ ಲೋಟಕ್ಕೇ ನಿಲ್ಲಿಸುವುದು ಜಾಣತನ.

ಒಂದು ಮಾತು ಹೇಳಿಬಿಡುತ್ತೇನೆ. ಅಕ್ಟೋಬರ್ ಹುಲಿ ನೋಡುವ ಕಾಲ ಅಲ್ಲ. ಏಪ್ರಿಲ್, ಮೇನಲ್ಲಿ ಕಾಡು ಒಣಗಿ, ಹಿನ್ನೀರು ಇಳಿದು, ಎಲ್ಲ ಪ್ರಾಣಿಯೂ ನೀರಿನ ಅಂಚಿಗೆ ಬರುತ್ತವೆ. ಈಗ ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಹಸಿರು. ಲಂಟಾನ ಪೊದೆ ರಸ್ತೆಯ ಎರಡೂ ಬದಿ ಗೋಡೆ ಎಬ್ಬಿಸಿದ ಹಾಗೆ ನಿಂತಿತ್ತು. ಈ ಕಾಡು ಸೇರಿರುವ ನಾಗರಹೊಳೆ ಹುಲಿ ಮೀಸಲಿನೊಳಗೆ 2022ರ ಗಣತಿಯಲ್ಲಿ 141 ಹುಲಿ ಲೆಕ್ಕಕ್ಕೆ ಸಿಕ್ಕಿದ್ದವು. ಅಷ್ಟೂ ಹುಲಿ ನಮ್ಮ ಬಸ್ಸಿನಿಂದ ಹತ್ತಡಿ ದೂರದಲ್ಲಿ ಸಾಲಾಗಿ ಮಲಗಿದ್ದರೂ ಗೊತ್ತಾಗುತ್ತಿರಲಿಲ್ಲ.

ಮತ್ತಿ ಮರಗಳ ತೊಗಟೆ ಮಳೆಗೆ ನೆಂದು ಮೊಸಳೆ ಬೆನ್ನಿನ ಹಾಗೆ ಕಂಡಿತು. ಜಿಂಕೆ ಹಿಂಡು, ಒಂದು ಕಾಟಿ, ಎರಡು ಆನೆ. ಮೂರು ಗಂಟೆಯಲ್ಲಿ ಹುಲಿ ಕಡೆಯಿಂದ ಸಿಕ್ಕಿದ್ದು ಹೆಜ್ಜೆ ಮಾತ್ರ. ಡ್ರೈವರ್ ಬಸ್ಸು ನಿಲ್ಲಿಸಿ, ಕೆಳಗೆ ಮರಳು ಮಣ್ಣು ತೋರಿಸಿದರು. ನನ್ನ ಅಂಗೈಯಷ್ಟು ಅಗಲದ ಹೆಜ್ಜೆಗಳು ನೇರ ಗೆರೆಯಲ್ಲಿ ಹೋಗಿದ್ದವು. ಅದರ ಅಕ್ಕಪಕ್ಕ ಚಿಕ್ಕ ಹೆಜ್ಜೆಗಳು, ನೇರ ಅನ್ನುವುದೇ ಇಲ್ಲ. ಒಂದು ರಸ್ತೆ ಬಿಟ್ಟು ಚರಂಡಿಗೆ ಇಳಿದಿತ್ತು, ಮತ್ತೆ ಹತ್ತಿತ್ತು. ಇನ್ನೊಂದು ತಾಯಿಯ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟಿತ್ತು. ಒಂದು ಕಡೆ ಮಣ್ಣು ಪೂರ್ತಿ ಕಲಸಿ ಹೋಗಿತ್ತು.

"ಇಲ್ಲಿ ಕುಸ್ತಿ ಆಡವೆ" ಅಂದರು ಡ್ರೈವರ್.

ಅಮ್ಮ ಕಿಟಕಿಯಿಂದ ಬಗ್ಗಿ ಎಣಿಸುತ್ತಿದ್ದಳು. "ಎಷ್ಟು ಮರಿ?"

"ಮೂರು, ಅವ್ವಾ."

"ನಾಕು ಥರ ಕಾಣ್ತದಲ್ಲ?"

ಹೀಗೆ ಶುರುವಾಯಿತು ಅದು.

ಮಧ್ಯಾಹ್ನ ಅಂತರಸಂತೆಯ ಟೀ ಅಂಗಡಿಯಲ್ಲಿ ಕೂತಿದ್ದಾಗ ಪಕ್ಕದ ಬೆಂಚಿನಲ್ಲಿ ಒಬ್ಬರು ಹಿರಿಯರು ಸಿಕ್ಕರು. ಜೇನುಕುರುಬರು. ಕಾಡಿನೊಳಗೇ ಹುಟ್ಟಿದವರು, ಈಗ ಹಾಡಿ ಹೊರಗಿದೆ. ಇಲಾಖೆಯಲ್ಲಿ ಬಹಳ ವರ್ಷ ವಾಚರ್ ಆಗಿದ್ದರಂತೆ. ಅಮ್ಮ ಎಲೆಅಡಿಕೆ ಮುಂದೆ ಚಾಚಿದ ಮೇಲೆ ಮಾತು ಬಂತು.

ಒಂದು ಸಲ ಕಾಳ್ಗಿಚ್ಚು ಹರಡದ ಹಾಗೆ ಬೆಂಕಿ ರೇಖೆ ಕಡಿಯಲು ಹೋದಾಗ ಬಿದ್ದ ಬಿದಿರು ಮೆಳೆಯ ಒಳಗಿಂದ ಇಲಿಮರಿ ಕೂಗಿದ ಹಾಗೆ ಸದ್ದು ಬಂತಂತೆ. ಜೊತೆಗೆ ಹಸಿ ವಾಸನೆ. ಅವರು ಇಣುಕಿ ನೋಡಲಿಲ್ಲ. ತಿರುಗಲೂ ಇಲ್ಲ. ಮುಖ ಅತ್ತಲೇ ಇಟ್ಟುಕೊಂಡು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟರು.

"ತಾಯಿ ಎಲ್ಲಿತ್ತು?" ಅಂದೆ.

"ಗೊತ್ತಿಲ್ಲ ಕಣವ್ವ. ಅದು ನನ್ನ ನೋಡ್ತಿತ್ತು ಅನ್ನೋದು ಮಾತ್ರ ಗೊತ್ತು. ಬೆನ್ನ ಮ್ಯಾಲಿನ ಕೂದ್ಲು ಹೇಳ್ತದೆ."

ಮೂರು ದಿನ ಬಿಟ್ಟು ಆ ಕಡೆ ಹೋದಾಗ ಮೆಳೆ ಖಾಲಿ. ಒಂದೊಂದಾಗಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸಿತ್ತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತೆ ಅಂತೀವಲ್ಲ, ಹುಲಿಯದ್ದೂ ಅದೇ ಬುದ್ಧಿ. ಮೂರೂವರೆ ತಿಂಗಳು ಹೊತ್ತು ಹೆತ್ತ ಮರಿಗೆ ಹುಟ್ಟಿದಾಗ ಕಣ್ಣು ಕಾಣಿಸುವುದಿಲ್ಲ, ಒಂದು ಕೆ.ಜಿ. ತೂಕದ ಆಸುಪಾಸು. ತಾಯಿ ಬೇಟೆಗೆ ಹೋಗಲೇಬೇಕು. ಹೋದರೆ ಮರಿ ಕಾಯುವವರಿಲ್ಲ. ಸೀಳುನಾಯಿ ಇದೆ, ಚಿರತೆ ಇದೆ. ಎಲ್ಲಕ್ಕಿಂತ ಜಾಸ್ತಿ ಭಯ ಇನ್ನೊಂದು ಗಂಡು ಹುಲಿಯದ್ದು.

ಅಮ್ಮನಿಗೆ ಅದೇ ತಲೆಯಲ್ಲಿತ್ತು. "ಅಲ್ಲ, ಇವುಗಳ ಅಪ್ಪ ಎಲ್ಲಿರ್ತದೆ?"

ಹಿರಿಯರು ಎಲೆ ಮಡಚುತ್ತಾ ನಕ್ಕರು. ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳ ಜಾಗ ಸೇರಿ ಒಂದು ಸೀಮೆ. ಅದು ಸುತ್ತುತ್ತಾ ಇರುತ್ತದೆ. ಯಾವಾಗಲಾದರೂ ಬಂದು ಹೋಗುತ್ತದೆ, ಒಮ್ಮೊಮ್ಮೆ ಮರಿಗಳ ಜೊತೆ ಊಟಕ್ಕೂ ಕೂರುತ್ತದೆ. ಅದು ಗಟ್ಟಿಯಾಗಿರುವ ತನಕ ಮರಿಗಳಿಗೆ ಅಪಾಯ ಕಡಿಮೆ. ಹೊಸ ಗಂಡು ಬಂದು ಅದನ್ನು ಓಡಿಸಿತೋ, ಮೊದಲ ಕೆಲಸ ಮರಿಗಳನ್ನು ಕೊಲ್ಲುವುದು. ಮರಿ ಇರುವ ತನಕ ತಾಯಿ ಬೆದೆಗೆ ಬರುವುದಿಲ್ಲ, ಅದಕ್ಕೇ. ತಾಯಿ ಬಿದ್ದು ಹೊಡೆದಾಡುವುದೂ ಉಂಟು, ಮರಿ ಕರೆದುಕೊಂಡು ಊರಂಚಿಗೆ ಜಾರಿಕೊಳ್ಳುವುದೂ ಉಂಟು.

"ಊರಂಚಿಗೆ ಬಂದ್ರೆ ನಾವು ಬಿಡ್ತೀವಾ" ಅಂದರು ಅವರು. ಟೀ ದುಡ್ಡು ನಮ್ಮಿಂದ ತಗೊಳ್ಳಲು ಬಿಡಲಿಲ್ಲ.

ಮಧ್ಯಾಹ್ನದ ಸಫಾರಿಗೆ ಆಸೆ ಬಿಟ್ಟೇ ಹತ್ತಿದ್ದೆವು. ಮಳೆ ನಿಂತು ಬಿಸಿಲು ಬಂದಿತ್ತು. ಐದಕ್ಕೆ ಇನ್ನೂ ಕಾಲು ಗಂಟೆ ಇದ್ದಾಗ ಮರದ ಮೇಲಿಂದ ಮುಸುವ ಕೋತಿ ಖೆಕ್ ಖೆಕ್ ಅಂತ ಕೂಗಿತು. ಜಿಂಕೆಗಳು ಬಾಲ ನಿಗುರಿಸಿ ಒಂದೇ ಕಡೆ ನೋಡತೊಡಗಿದವು. ಡ್ರೈವರ್ ಎಂಜಿನ್ ಆಫ್ ಮಾಡಿ ಬೆರಳು ತುಟಿ ಮೇಲಿಟ್ಟರು.

ಎಡಗಡೆ ಲಂಟಾನದಿಂದ ಅದು ರಸ್ತೆಗೆ ಬಂತು. ಓಡಲಿಲ್ಲ, ಅವಿತುಕೊಳ್ಳಲಿಲ್ಲ. ರಸ್ತೆಗೆ ಅಡ್ಡಲಾಗಿ ನಿಂತಿತು. ಪಕ್ಕೆ ಸ್ವಲ್ಪ ಒಳಗೆ ಹೋಗಿ, ಹೊಟ್ಟೆ ಕೆಳಗೆ ಜೋತಿತ್ತು. ನಮ್ಮ ಕಡೆ ನೋಡಲೇ ಇಲ್ಲ. ಬಂದ ದಾರಿಯನ್ನೇ ತಿರುಗಿ ನೋಡುತ್ತಿತ್ತು. ಕಿವಿಗಳ ಹಿಂದೆ ದುಂಡಗೆ ಒಂದೊಂದು ಬಿಳಿ ಬೊಟ್ಟು. ಎತ್ತರದ ಹುಲ್ಲಿನಲ್ಲಿ ಮರಿಗಳು ಅದನ್ನೇ ಗುರುತು ಹಿಡಿದು ಹಿಂಬಾಲಿಸುತ್ತವೆ ಅನ್ನುವವರಿದ್ದಾರೆ. ನಿಜವೋ ಏನೋ, ನನಗಂತೂ ಆ ಹೊತ್ತಲ್ಲಿ ಮೊದಲು ಕಂಡಿದ್ದು ಅವೇ. ಆಮೇಲೆ ಒಂದು ಸದ್ದು. ಗರ್ಜನೆ ಅಲ್ಲ. ಬಾಯಿ ಮುಚ್ಚಿಕೊಂಡು ಗಂಟಲಲ್ಲೇ ಊಂ ಅಂದ ಹಾಗೆ, ಎರಡು ಸಲ.

ಮೊದಲ ಮರಿ ಬಾಣದ ಹಾಗೆ ರಸ್ತೆ ದಾಟಿ ಆ ಕಡೆ ಸೇರಿತು. ಎರಡನೆಯದು ರಸ್ತೆ ನಡುವೆ ಇದ್ದ ಮಳೆನೀರಿನ ಗುಂಡಿಯ ಹತ್ತಿರ ಕೂತೇಬಿಟ್ಟಿತು. ನೀರಿಗೆ ಒಂದು ಪಂಜ ಇಟ್ಟು, ತೆಗೆದು, ನೆಕ್ಕಿಕೊಂಡಿತು. ಮೂರನೆಯದು ಹಿಂದಿನಿಂದ ಬಂದು ಅದರ ಬೆನ್ನ ಮೇಲೆ ಬಿತ್ತು. ಐದಾರು ತಿಂಗಳ ಮರಿಗಳು ಅಂತ ಡ್ರೈವರ್ ಆಮೇಲೆ ಹೇಳಿದರು. ಹಾಲು ಬಿಡುವ ವಯಸ್ಸು, ತಾಯಿಯ ಬೇಟೆಯ ಹತ್ತಿರ ಹೋಗಿ ತಿನ್ನುವ ವಯಸ್ಸು. ಸ್ವಂತ ಬೇಟೆಗೆ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಬೇಕು.

ತಾಯಿ ಗದರಲಿಲ್ಲ. ಸುಮ್ನೆ ಕಾಯ್ತಾ ನಿಂತಿತು. ಅಷ್ಟರಲ್ಲಿ ನಮ್ಮ ಹಿಂದೆ ಒಂದು ಜೀಪು ಬಂದು, ನಮ್ಮನ್ನು ದಾಟಿ ಮುಂದೆ ಹೋಗಲು ಎಂಜಿನ್ ಏರಿಸಿತು. ಆಗ ಅದು ನಮ್ಮ ಕಡೆ ತಿರುಗಿತು. ತಲೆ ಭುಜಕ್ಕಿಂತ ಕೆಳಗೆ ಇಳಿಯಿತು. ಕಿವಿ ಚಪ್ಪಟೆಯಾದವು. ತುಟಿ ಒಂದೇ ಕಡೆ ಮೇಲೆದ್ದು ಕೋರೆ ಕಂಡಿತು. ಬಸ್ಸಿನಲ್ಲಿ ಮಾತು ಬಿಡಿ, ಉಸಿರೂ ಕೇಳಲಿಲ್ಲ. ನಮ್ಮ ಡ್ರೈವರ್ ಹಿಂದಿನ ಜೀಪಿಗೆ ಕೈ ಅಡ್ಡ ಹಿಡಿದು, ನಿಧಾನವಾಗಿ ಬಸ್ಸು ಹಿಂದೆ ಸರಿಸಿದರು. ಇಪ್ಪತ್ತು ಅಡಿ ಹಿಂದೆ ಸರಿದ ಮೇಲೆ ಅದರ ತಲೆ ಮೇಲೆದ್ದಿತು. ಮರಿಗಳ ಹತ್ತಿರ ಹೋಗಿ ಮೂತಿಯಿಂದ ಒಂದನ್ನು ತಳ್ಳಿತು. ಮೂರೂ ದಾಟಿದವು.

ತಾನು ದಾಟಲಿಲ್ಲ. ಮತ್ತೆ ಎಡಗಡೆ ಲಂಟಾನದ ಕಡೆ ನೋಡಿತು. ಎರಡು ಹೆಜ್ಜೆ ವಾಪಸ್ಸು ಇಟ್ಟಿತು. ನಿಂತಿತು. ಆಮೇಲೆ ತಿರುಗಿ ಮರಿಗಳ ಹಿಂದೆ ಹೋಯಿತು.

ನಾನು ಇಡೀ ದೃಶ್ಯವನ್ನು ಫೋನಲ್ಲಿ ಹಿಡಿದಿದ್ದೆ. ಸಂಜೆ ನೋಡಿದರೆ ಮುಂದಿನ ಸೀಟಿನವರ ತಲೆ ಚೆನ್ನಾಗಿ ಬಂದಿತ್ತು, ಅವರ ಕಿವಿಯ ಪಕ್ಕ ಒಂದು ಕಿತ್ತಳೆ ಬಣ್ಣದ ಮಸುಕು. ಅಮ್ಮ ಫೋನು ಮುಟ್ಟಿರಲಿಲ್ಲ. ಎಲ್ಲ ಕಣ್ಣಲ್ಲೇ ನೋಡಿದ್ದಳು.

"ಇನ್ನೊಂದೈತೆ ಅಂದ್ನಲ್ಲ" ಅಂದಳು ಡ್ರೈವರಿಗೆ.

"ಮೂರೇ ಅವ್ವಾ. ಎರಡು ತಿಂಗಳಿಂದ ನೋಡ್ತಿದ್ದೀವಿ."

"ಮತ್ತೆ ಯಾಕೆ ತಿರುಗಿ ನೋಡ್ತು?"

ಡ್ರೈವರ್ ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದು ಸುಮ್ಮನಿದ್ದರು. "ಮೊದ್ಲು ನಾಕು ನೋಡ್ದೆ ಅಂತ ಒಬ್ಬ ವಾಚರ್ ಹೇಳ್ತಿದ್ದ. ನಮ್ಗೆ ಸಿಕ್ಕಿದ್ದು ಮೂರೇ." ಹುಟ್ಟಿದ ಹುಲಿ ಮರಿಗಳಲ್ಲಿ ಸುಮಾರು ಅರ್ಧ ಎರಡು ವರ್ಷ ದಾಟುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅಮ್ಮನಿಗೆ ಹೇಳಲಿಲ್ಲ.

ಮೂರನೇ ದಿನ: ಪಂಕ್ಚರ್

ಸರಗೂರಿಂದ ಗುಂಡ್ಲುಪೇಟೆ, ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ. ದಾರಿ ಉದ್ದ, ಹೇಳುವಂಥದ್ದು ಕಡಿಮೆ. ಅರಿಶಿನ, ಸಣ್ಣ ಈರುಳ್ಳಿ, ಬಾಳೆ. ದಾರಿಯುದ್ದಕ್ಕೂ ಅಮ್ಮ ಮತ್ತು ತಮ್ಮನ ನಡುವೆ ಮೂರೋ ನಾಲ್ಕೋ ಅನ್ನುವ ವಾದ. ಹುಲಿಗೆ ಎಣಿಸಲು ಬರುತ್ತಾ ಅಂತ ತಮ್ಮ. ನಿನ್ನನ್ನ ಜಾತ್ರೇಲಿ ಕಳ್ಕೊಂಡಾಗ ನಾನು ಎಣಿಸ್ತಾ ಕೂತಿದ್ನಾ ಅಂತ ಅಮ್ಮ.

ಹನೂರು ದಾಟಿ ಕೌದಳ್ಳಿ ಸಮೀಪಿಸುವಾಗ ಹಿಂದಿನ ಚಕ್ರ ಕೂತಿತು. ಡಿಕ್ಕಿ ತೆಗೆದರೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಹಳೇ ಕಾರು ತಗೊಳ್ಳುವವರು ಎಂಜಿನ್ ನೋಡುತ್ತಾರೆ, ಪೇಂಟ್ ನೋಡುತ್ತಾರೆ, ಸ್ಟೆಪ್ನಿ ನೋಡುವುದಿಲ್ಲ. ನೋಡಿ. ಒಂದು ಲಗೇಜ್ ಆಟೋದವರು ತಮ್ಮನನ್ನೂ ಚಕ್ರವನ್ನೂ ಹತ್ತಿಸಿಕೊಂಡು ಹೋದರು. ನಾನು, ಅಮ್ಮ ರಸ್ತೆ ಬದಿ ಬೇವಿನ ಮರದ ಕೆಳಗೆ ಕೂತೆವು. ಸ್ವಲ್ಪ ಹೊತ್ತಿಗೆ ಹತ್ತು ಹದಿನೈದು ದನ ಹೊಡೆದುಕೊಂಡು ಒಬ್ಬರು ಬಂದರು. ಗಿಡ್ಡ ಜಾತಿಯ ಬಿಳಿ ಬೂದು ದನಗಳು, ಕೊರಳಲ್ಲಿ ಮರದ ಗಂಟೆ. ಕುಡಿಯಲು ನೀರು ಕೇಳಿದರು. ಅಮ್ಮ ನೀರಿನ ಜೊತೆ ಒಂದಚ್ಚು ಬೆಲ್ಲ ಕೊಟ್ಟಳು.

ಹುಲಿ ನೋಡಿಕೊಂಡು ಬಂದೆವು ಅಂತ ಅಮ್ಮನೇ ಬಾಯಿಬಿಟ್ಟಳು. ಅವರ ಮುಖ ಸ್ವಲ್ಪ ಬದಲಾಯಿತು.

"ನಮ್ಮ ಕಡೇದು ಕೇಳಿಲ್ವಾ?"

ನಾನು ಕೇಳಿದ್ದೆ. ಯಾರು ತಾನೆ ಕೇಳಿಲ್ಲ? 2025ರ ಜೂನ್ 26ರಂದು, ಇದೇ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಹಸು ಕಳೆದುಕೊಂಡ ಸಿಟ್ಟಿಗೆ ಹಾಗೆ ಮಾಡಿದರು ಅಂತ ಬಂಧನಗಳೂ ಆದವು.

ಪತ್ರಿಕೆಯಲ್ಲಿ ಓದಿದಾಗ ಐದು ಅನ್ನುವ ಸಂಖ್ಯೆಯೇ ದೊಡ್ಡದಾಗಿ ಕಂಡಿತ್ತು. ಹಿಂದಿನ ದಿನ ಆ ರಸ್ತೆಯಲ್ಲಿ ನೋಡಿದ ಮೇಲೆ ಬೇರೆಯದೇ ಕಂಡಿತು. ಹುಲಿ ದೊಡ್ಡ ಪ್ರಾಣಿ ಹೊಡೆದರೆ ಒಂದೇ ಸಲ ತಿಂದು ಮುಗಿಸುವುದಿಲ್ಲ. ಹತ್ತಿರದಲ್ಲೇ ಮಲಗಿ, ಮತ್ತೆ ಬಂದು, ಮೂರು ನಾಲ್ಕು ದಿನ ತಿನ್ನುತ್ತದೆ. ಮರಿಯಿರುವ ತಾಯಿ ಮೊದಲು ಮರಿಗಳನ್ನು ಕರೆತರುತ್ತದೆ. ಒಂಟಿ ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು, ಅಂದರೆ ವಾರಕ್ಕೊಂದು. ನಾಲ್ಕು ಮರಿಯ ತಾಯಿಗೆ ಆ ಲೆಕ್ಕ ಸಾಲುವುದಿಲ್ಲ. ಅಂಥ ತಾಯಿಗೆ ಒಂದು ಹಸು ಸಿಕ್ಕರೆ ಹಬ್ಬ. ಗಂಟಲಲ್ಲಿ ಊಂ ಅಂತ ಕರೆದಿರುತ್ತದೆ. ನಾಲ್ಕೂ ಬಂದಿರುತ್ತವೆ. ಒಂದಾದರೂ ಮಾತು ಕೇಳದೆ ಗುಂಡಿಯ ನೀರಲ್ಲಿ ಆಡ್ತಾ ಹಿಂದುಳಿದಿದ್ದರೆ ಅಂತ ನಾನು ಅವತ್ತು ಎಷ್ಟು ಸಲ ಯೋಚಿಸಿದೆನೋ.

ದನದವರು ನೆಲ ನೋಡುತ್ತಾ ಮಾತಾಡಿದರು. "ತಪ್ಪೇ ಕಣವ್ವ. ಇಲ್ಲ ಅನ್ನಲ್ಲ. ಆದ್ರೆ ನಮಗೆ ಬ್ಯಾಂಕು ಅಂದ್ರೂ ಇವೇ, ಗೊಬ್ಬರ ಅಂದ್ರೂ ಇವೇ. ದೊಡ್ಡೀಲಿ ಒಂದು ಕಮ್ಮಿ ಆದ್ರೆ ರಾತ್ರಿ ಅನ್ನ ಇಳಿಯಲ್ಲ. ಪರಿಹಾರ ಅಂತಾರೆ. ಕಾಗದ ಹಿಡ್ಕೊಂಡು ಹೋದ್ರೆ ಕಾಡೊಳಗೆ ಯಾಕೆ ಬಿಟ್ಟೆ ಅಂತಾರೆ."

ನನಗೆ ಅವರ ಮಾತಿಗೆ ಜವಾಬು ತೋಚಲಿಲ್ಲ. ವಿಷ ಹಾಕಿದ್ದನ್ನು ಒಪ್ಪಲು ಆಗುವುದೇ ಇಲ್ಲ. ಬೆಂಗಳೂರಿನಲ್ಲಿ ಕೂತು ಹುಲಿಯ ಫೋಟೋಗೆ ಲೈಕ್ ಒತ್ತುವ ನನಗೆ ಒಂದು ದನದ ಬೆಲೆಯೂ ಗೊತ್ತಿಲ್ಲ.

ಅಮ್ಮ ಕೇಳಿದ್ದು ಒಂದೇ. "ಮರಿ ಎಷ್ಟು ಅಂದೆ?"

"ನಾಕು."

ಅಷ್ಟೊತ್ತಿಗೆ ಚಕ್ರ ಬಂತು. ಬೆಟ್ಟದ ತಿರುವುಗಳನ್ನು ಹತ್ತುವಾಗ ಕತ್ತಲಾಗಿತ್ತು. ಅಮ್ಮ ಆಮೇಲೆ ತಮ್ಮನ ಜೊತೆ ವಾದಕ್ಕೆ ಇಳಿಯಲಿಲ್ಲ.

ನಾಲ್ಕನೇ ದಿನ: ಹುಲಿವಾಹನ

ಬೆಟ್ಟದಲ್ಲಿ ಬೆಳಗ್ಗೆ ಮಂಜು. ದೀಪಾವಳಿ ಜಾತ್ರೆಗೆ ಇನ್ನೂ ದಿನವಿತ್ತು, ಆದ್ದರಿಂದ ನೂಕುನುಗ್ಗಲಿರಲಿಲ್ಲ. ಜಾತ್ರೆಯ ಸೊಗಸೇ ಬೇರೆ, ನಿಜ. ವಯಸ್ಸಾದವರನ್ನು ಕರೆತರುವುದಾದರೆ ಮಾತ್ರ ಅದಕ್ಕೆ ಹತ್ತು ದಿನ ಮುಂಚೆಯೋ ಹಿಂದೆಯೋ ಬನ್ನಿ.

ಈ ಬೆಟ್ಟದಲ್ಲಿ ಹುಲಿ ಇಲ್ಲದ ಜಾಗವೇ ಇಲ್ಲ. ಮಾದಪ್ಪ ಹುಲಿಯ ಮೇಲೆ ಕೂತೇ ಎಪ್ಪತ್ತೇಳು ಮಲೆ ಆಳಿದವನು. ಅಂಗಡಿಯ ಫೋಟೋಗಳಲ್ಲಿ ಹುಲಿ, ತಾಯಿತದಲ್ಲಿ ಹುಲಿ, ಕೀ ಚೈನಿನಲ್ಲಿ ಹುಲಿ. 2023ರಲ್ಲಿ ನಿಲ್ಲಿಸಿದ 108 ಅಡಿ ಎತ್ತರದ ಪ್ರತಿಮೆಯಲ್ಲೂ ಅವನು ಹುಲಿಯ ಮೇಲೆಯೇ ಇದ್ದಾನೆ. ಮಂಜು ಸರಿದು ಆ ಕಲ್ಲುಹುಲಿಯ ಮುಖ ಕಂಡಾಗ ತಮ್ಮ ಫೋಟೋ ತೆಗೆಯಲು ಹೋದ. ಅವನ ಕೈಯಲ್ಲಿದ್ದ ಲಾಡು ಪೊಟ್ಟಣವನ್ನು ಕೋತಿ ತಗೊಂಡು ಹೋಯಿತು. ಅದರ ಹೊಟ್ಟೆಗೆ ಮರಿಯೊಂದು ಅಂಟಿಕೊಂಡಿತ್ತು. ತಮ್ಮ ಕೋಲು ಹುಡುಕುತ್ತಿದ್ದ. "ಬಾಣಂತಿ, ಬಿಡೋ" ಅಂದಳು ಅಮ್ಮ.

ದರ್ಶನ ಸುಸೂತ್ರವಾಗಿ ಆಯಿತು. ಉಘೇ ಮಾದಪ್ಪ ಅಂತ ಕೂಗುತ್ತಾ ಹೊರಗೆ ಬಂದ ಮೇಲೆ ತಮ್ಮ ಮೊದಲು ಹೇಳಿದ್ದು, ವಾಪಸ್ಸು ಹೋಗುವಾಗ ಕೊಳ್ಳೇಗಾಲದಲ್ಲಿ ಮೀನು ಎಲ್ಲಿ ಸಿಗುತ್ತೆ ಅಂತ. ಅಮ್ಮನ ಹರಕೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಅವಳು ಸೇವಾ ಕೌಂಟರಿನ ಸಾಲಿನಲ್ಲಿ ನಿಂತಿದ್ದಳು. ಹುಲಿವಾಹನ ಸೇವೆಗಂತೆ.

ಇದನ್ನು ಬರೆಯುತ್ತಿರುವ ಹೊತ್ತಿಗೆ ಕಬಿನಿಯ ಕಡೆ ಗಾಳಿ ಬದಲಾಗಿದೆ. ನಾವು ಬಂದ ಮೇಲೆ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಜೀವ ಕಳೆದುಕೊಂಡರು. 2025ರ ನವೆಂಬರ್ 7ರಂದು ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಲು ಸರ್ಕಾರ ಹೇಳಿತು. ಹೊರಡುವವರು ಮೊದಲು ವಿಚಾರಿಸಿಕೊಂಡೇ ಹೊರಡಿ. ಸುದ್ದಿ ಬಂದಾಗಲೆಲ್ಲ ಅಮ್ಮ ಟಿ.ವಿ. ಹತ್ತಿರ ಹೋಗಿ, ಯಾವ ಊರು, ಗಂಡೋ ಹೆಣ್ಣೋ, ಮರಿ ಇತ್ತಾ ಅಂತ ಕೇಳುತ್ತಾಳೆ. ಸತ್ತ ರೈತನಿಗೆ ಮಕ್ಕಳೆಷ್ಟು ಅಂತಲೂ ಕೇಳುತ್ತಾಳೆ.

ಆವತ್ತು ಸೇವಾ ಕೌಂಟರಿನಲ್ಲಿ ಇದ್ದ ಹುಡುಗ ತಲೆ ಎತ್ತದೆ ಕೇಳಿದ.

"ಯಾರ ಹೆಸರಿಗಮ್ಮಾ?"

"ಹುಲಿಯಮ್ಮ" ಅಂದಳು ಅಮ್ಮ.

ನಮ್ಮ ಕಡೆ ಹುಲಿಯಮ್ಮ ಅಂತ ಹೆಸರು ಬೇಕಾದಷ್ಟು ಜನಕ್ಕಿದೆ. ಹುಡುಗ ಸುಮ್ಮನೆ ಟೈಪ್ ಮಾಡಿದ.

"ಜೊತೆಗೆ?"

"ಮಕ್ಕಳು. ನಾಕು ಮಕ್ಕಳು."

"ಅವರ ಹೆಸರು ಹೇಳಿ."

ಅಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುತ್ತಿದ್ದಳು. ಅವಳ ಮನಸ್ಸಲ್ಲಿದ್ದದ್ದು ಕಬಿನಿಯದ್ದೋ ಮೀಣ್ಯಂನದ್ದೋ, ನಾನು ಇವತ್ತಿನವರೆಗೂ ಕೇಳಿಲ್ಲ.

"ಇನ್ನೂ ಇಟ್ಟಿಲ್ಲ ಕಣಪ್ಪ" ಅಂದಳು.